ನೀರು ಬಿಡುವವರು ಯಾರು? ಭೀಮರಾಯನಗುಡಿಯಿಂದ ದಿಲ್ಲಿವರೆಗೆ ಒಂದು ಲೆಕ್ಕ

ಮಳೆಗಾಲ ಹತ್ತಿರ ಬಂತೆಂದರೆ ಭೀಮರಾಯನಗುಡಿಯ ಚಹಾದಂಗಡಿಗಳಲ್ಲಿ ಒಂದೇ ಪ್ರಶ್ನೆ: ‘ನೀರು ಯಾವಾಗ ಬಿಡ್ತಾರ್ರೀ?’ ಬಿಡುವವರು ಯಾರು ಎಂಬುದು ಈ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ಕೇಳುವವನಿಗೂ ಅದು ಬೇಕಿಲ್ಲ, ಹೇಳುವವನಿಗೂ ಬೇಕಿಲ್ಲ. ‘ಅವರು’ ಬಿಡುತ್ತಾರೆ, ನೀರು ಬರುತ್ತದೆ. ಬರದಿದ್ದರೆ ‘ಅವರನ್ನು’ ಬೈದು ಏಳುತ್ತೇವೆ.

ಈ ಊರು ಮಾತ್ರ ಆ ‘ಅವರ’ ಊರೇ. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮದ ಕಚೇರಿಗಳಿವೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ‘ಕಾಡಾ’, ಇಲ್ಲಿದೆ. ಕೃಷಿ ಮಹಾವಿದ್ಯಾಲಯವಿದೆ. ಆದರೂ ಇಲ್ಲಿನ ಯಾವ ಅಧಿಕಾರಿಯೂ ತಾನಾಗಿಯೇ ಒಂದು ಗೇಟು ಎತ್ತುವಂತಿಲ್ಲ. ಹೊಲಗಾಲುವೆಗೆ ಬರುವ ನೀರಿನ ಮೇಲೆ ದಿಲ್ಲಿ, ಬೆಂಗಳೂರು, ಸ್ಥಳೀಯ ಸಂಸ್ಥೆ ಎಂಬ ಮೂರು ಹಂತದ ಆಡಳಿತದ ಕೈ ಇದೆ. ಅದರ ಮೇಲೆ ಯಾರೂ ಮತ ಹಾಕಿ ಆರಿಸದ ನ್ಯಾಯಮಂಡಳಿಯೊಂದರ ಕೈಯೂ ಇದೆ. ನಾವು ಸಂಸದೀಯ ಒಕ್ಕೂಟ ಎಂದು ಪಠ್ಯಪುಸ್ತಕದಲ್ಲಿ ಓದಿ ಮರೆತದ್ದು ಈ ಕೈಗಳ ನಡುವಿನ ಹಂಚಿಕೆಯನ್ನೇ. ಅದನ್ನು ಲೆಕ್ಕದಲ್ಲಿ ಬಿಡಿಸಿ ನೋಡೋಣ.

ಮೊದಲು ನೀರು

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2,832 ಕೋಟಿ ಲೀಟರ್. ಕಾಲುವೆಯಲ್ಲಿ ಇಡೀ ಹಗಲು ರಾತ್ರಿ 11,574 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ, ಹರಿದರೆ ಒಂದು ಟಿಎಂಸಿ ಆಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಸಾಮರ್ಥ್ಯ 10,000 ಕ್ಯುಸೆಕ್. ಅದು ತುಂಬಿ ಹರಿದರೂ ದಿನಕ್ಕೆ 0.86 ಟಿಎಂಸಿ ಮಾತ್ರ.

ಕೃಷ್ಣಾ ಕಣಿವೆಯ ನೀರನ್ನು ಹಂಚಿದ ಮೊದಲ ನ್ಯಾಯಮಂಡಳಿ ಬಚಾವತ್ ಅವರದು. 1969ರಲ್ಲಿ ರಚನೆಯಾದ ಅದು 1973ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಮುಂದಿನ ವರದಿಯ ನಂತರ 1976ರಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ನೂರು ವರ್ಷಗಳಲ್ಲಿ ಎಪ್ಪತ್ತೈದು ವರ್ಷ ಖಾತ್ರಿಯಾಗಿ ಸಿಗುವ ನೀರು 2,060 ಟಿಎಂಸಿ ಎಂದು ಲೆಕ್ಕ ಹಾಕಿ, ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಪ್ರದೇಶಕ್ಕೆ 800 ಎಂದು ಹಂಚಿತು. ಹೊಲಗಳಿಂದ ಮರಳಿ ನದಿ ಸೇರುವ ನೀರನ್ನೂ ಕೂಡಿಸಿದಾಗ ಕರ್ನಾಟಕದ ಪಾಲು 734 ಆಯಿತು.

ಈ 734ರೊಳಗೆ ಕೃಷ್ಣಾ ಮೇಲ್ದಂಡೆ ಯೋಜನೆಗೆ ರಾಜ್ಯ ಎತ್ತಿಟ್ಟಿರುವುದು 173 ಟಿಎಂಸಿ. ಒಂದನೇ ಹಂತಕ್ಕೆ 119, ಎರಡನೇ ಹಂತಕ್ಕೆ 54. ರಾಜ್ಯದ ಕೃಷ್ಣಾ ಪಾಲಿನಲ್ಲಿ ಇದು ನಾಲ್ಕರಲ್ಲೊಂದು ಭಾಗಕ್ಕಿಂತ ತುಸು ಕಡಿಮೆ. ಎರಡೂ ಹಂತ ಸೇರಿ ನೀರುಣ್ಣಬೇಕಾದ ಭೂಮಿ 6.22 ಲಕ್ಷ ಹೆಕ್ಟೇರ್. ಅದರಲ್ಲಿ ಶಹಾಪುರ ಶಾಖಾ ಕಾಲುವೆಯೊಂದರ ಅಚ್ಚುಕಟ್ಟೇ ಸುಮಾರು 1.22 ಲಕ್ಷ ಹೆಕ್ಟೇರ್.

ಇನ್ನು ಸರಳ ಭಾಗಾಕಾರ. 173 ಟಿಎಂಸಿಯನ್ನು 6.22 ಲಕ್ಷ ಹೆಕ್ಟೇರಿಗೆ ಸಮನಾಗಿ ಹರಡಿದರೆ ನಿಲ್ಲುವ ನೀರು 79 ಸೆಂಟಿಮೀಟರ್ ಎತ್ತರ. ಎಕರೆಗೆ ಸುಮಾರು 32 ಲಕ್ಷ ಲೀಟರ್. ಆವಿಯಾಗಿ ಹೋಗುವುದು, ಕಾಲುವೆಯಲ್ಲಿ ಸೋರುವುದು ಇನ್ನೂ ಕಳೆದಿಲ್ಲ. ಈ 79 ಸೆಂಟಿಮೀಟರನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಅಧಿಕಾರ ಯಾವ ಪಟ್ಟಿಯಲ್ಲಿದೆ?

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. 1950ರಲ್ಲಿ ಕೇಂದ್ರ ಪಟ್ಟಿಯಲ್ಲಿ 97, ರಾಜ್ಯ ಪಟ್ಟಿಯಲ್ಲಿ 66, ಸಮವರ್ತಿ ಪಟ್ಟಿಯಲ್ಲಿ 47 ವಿಷಯಗಳಿದ್ದವು. 1976ರ 42ನೇ ತಿದ್ದುಪಡಿ ಶಿಕ್ಷಣ, ಅರಣ್ಯ ಮೊದಲಾದ ಐದು ವಿಷಯಗಳನ್ನು ರಾಜ್ಯದ ಕೈಯಿಂದ ತೆಗೆದು ಸಮವರ್ತಿ ಪಟ್ಟಿಗೆ ಹಾಕಿತು. ಸಮವರ್ತಿ ಎಂದರೆ ಇಬ್ಬರೂ ಕಾನೂನು ಮಾಡಬಹುದು. ಎರಡೂ ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಗೆಲ್ಲುವುದು ಸಂಸತ್ತಿನ ಕಾನೂನು.

ಕೃಷಿ ರಾಜ್ಯ ಪಟ್ಟಿಯ 14ನೇ ನಮೂದು. ನೀರು, ಕಾಲುವೆ, ನೀರಾವರಿ 17ನೇ ನಮೂದು. ಅಲ್ಲಿಗೆ ಕಾಲುವೆ ಬೆಂಗಳೂರಿನದು ಎನ್ನಬಹುದು. ಆದರೆ ಆ 17ನೇ ನಮೂದಿಗೆ ಒಂದು ಬಾಲವಿದೆ: ಕೇಂದ್ರ ಪಟ್ಟಿಯ 56ನೇ ನಮೂದಿಗೆ ಒಳಪಟ್ಟು. ಆ 56, ರಾಜ್ಯ ರಾಜ್ಯಗಳ ನಡುವೆ ಹರಿಯುವ ನದಿಗಳನ್ನು ಸಂಸತ್ತಿನ ಕೈಗೆ ಕೊಡುತ್ತದೆ. ಇದರ ಮೇಲೆ 262ನೇ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆ. ನದಿಗಾಗಿ ಎರಡು ರಾಜ್ಯಗಳು ಜಗಳಕ್ಕೆ ನಿಂತರೆ ಕೇಂದ್ರ ನ್ಯಾಯಮಂಡಳಿ ನೇಮಿಸುತ್ತದೆ. ಮಂಡಳಿ ಅಂಕಿ ಕೊಡುತ್ತದೆ. ಆ ಅಂಕಿಯೊಳಗೆ ರಾಜ್ಯ ತನಗೆ ತೋಚಿದಂತೆ ಹಂಚಿಕೊಳ್ಳಬಹುದು.

ಹೀಗಾಗಿ 734 ಎಂಬ ಸಂಖ್ಯೆಯನ್ನು ಬದಲಿಸುವ ಶಕ್ತಿ ವಿಧಾನಸಭೆಗಿಲ್ಲ. 173ನ್ನು ಯಾವ ಕಾಲುವೆಗೆ, ಯಾವ ತಿಂಗಳು, ಎಷ್ಟು ದಿನ ಬಿಡಬೇಕೆಂಬುದರಲ್ಲಿ ದಿಲ್ಲಿಗೆ ಕೆಲಸವಿಲ್ಲ. ಈ ಗೆರೆ ಗೊತ್ತಿಲ್ಲದೆಯೇ ನಮ್ಮ ಅರ್ಧ ಮನವಿಗಳು ತಪ್ಪು ವಿಳಾಸಕ್ಕೆ ಹೋಗುತ್ತವೆ.

ನಮ್ಮ ಮತದ ತೂಕ

ಶಹಾಪುರ ತಾಲ್ಲೂಕಿನ ಹಳ್ಳಿಯ ಮತದಾರನಿಗೆ ಐದು ನೇರ ಮತಗಳಿವೆ: ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ವಿಧಾನಸಭೆ, ಲೋಕಸಭೆ. ಪಟ್ಟಣದವನಿಗೆ ಮೂರು. ಆ ಮತ ಮೇಲೇರಿದಂತೆ ಅದರ ತೂಕ ಹೇಗೆ ಇಳಿಯುತ್ತದೆ ನೋಡಿ.

• ಯಾದಗಿರಿ ಜಿಲ್ಲೆ: 2011ರ ಜನಗಣತಿಯಂತೆ 11,74,271 ಜನ. ವಿಧಾನಸಭೆಗೆ 4 ಸ್ಥಾನ: ಸುರಪುರ, ಶಹಾಪುರ, ಯಾದಗಿರಿ, ಗುರುಮಠಕಲ್. ಒಬ್ಬ ಶಾಸಕನಿಗೆ 2.94 ಲಕ್ಷ ಜನ. ರಾಜ್ಯದ ಸರಾಸರಿ 2.73 ಲಕ್ಷ.
• ವಿಧಾನಸಭೆ: 224 ಸ್ಥಾನ. ಯಾದಗಿರಿಯ ಪಾಲು ನೂರಕ್ಕೆ 1.8. ಯಾದಗಿರಿಯೂ ಇರುವ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆ ಸೇರಿ 41 ಸ್ಥಾನ, ನೂರಕ್ಕೆ 18.3.
• ವಿಧಾನ ಪರಿಷತ್ತು: 75 ಸ್ಥಾನ. ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರಿಂದ 7, ಶಿಕ್ಷಕರಿಂದ 7, ನಾಮಕರಣ 11.
• ಲೋಕಸಭೆ: 543 ಸ್ಥಾನ, ಕರ್ನಾಟಕಕ್ಕೆ 28. ನೂರಕ್ಕೆ 5.2.
• ರಾಜ್ಯಸಭೆ: 245 ಸ್ಥಾನ, ಕರ್ನಾಟಕಕ್ಕೆ 12. ನೂರಕ್ಕೆ 4.9.

ನಮ್ಮ ಜಿಲ್ಲೆಯ ಹೆಸರಿನ ಲೋಕಸಭಾ ಕ್ಷೇತ್ರ ಇಂದು ಇಲ್ಲ. 1952ರಲ್ಲಿ, ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿದ್ದಾಗ, ಯಾದಗಿರಿ ಕ್ಷೇತ್ರವೆಂದೇ ಇತ್ತು. ಈಗ ಸುರಪುರ, ಶಹಾಪುರ, ಯಾದಗಿರಿ ಮೂರೂ ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಗುರುಮಠಕಲ್ ಕಲಬುರಗಿಗೆ. ರಾಯಚೂರು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ನಮ್ಮವು ಮೂರು, ಉಳಿದ ಐದು ರಾಯಚೂರು ಜಿಲ್ಲೆಯವು. ಒಂದು ಜಿಲ್ಲೆಯ ದನಿ ಎರಡು ಕಡೆ ಹಂಚಿಹೋಗಿದೆ, ಎರಡೂ ಕಡೆ ಅಲ್ಪಸಂಖ್ಯೆ.

ಕೃಷ್ಣೆಯ ಮೇಲೆ ಹಕ್ಕು ಸಾಧಿಸುವ ರಾಜ್ಯಗಳನ್ನೇ ಕೂಡಿಸಿ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಲೋಕಸಭೆಯಲ್ಲಿ ಮಹಾರಾಷ್ಟ್ರ 48, ಕರ್ನಾಟಕ 28, ಆಂಧ್ರಪ್ರದೇಶ 25, ತೆಲಂಗಾಣ 17. ಒಟ್ಟು 118. ಇವರಲ್ಲಿ ನಮ್ಮವರು ನೂರಕ್ಕೆ 24ರಷ್ಟು, ಉಳಿದ 90 ಮಂದಿ ಆಚೆ ದಂಡೆಯವರು. ನದಿಯ ನೀರನ್ನು ಸಂಸತ್ತಿನ ಕೈಯೆಣಿಕೆಗೆ ಬಿಡದೆ ನ್ಯಾಯಮಂಡಳಿಗೆ ಕೊಟ್ಟದ್ದರ ಒಳ್ಳೆಯತನ ಈ ಅಂಕಿ ಕಂಡಾಗ ತಿಳಿಯುತ್ತದೆ.

ರಾಜ್ಯಸಭೆ ಎಂಬುದು ಹೆಸರಿಗೆ ರಾಜ್ಯಗಳ ಸಭೆ. ಲೆಕ್ಕದಲ್ಲಿ ಅದೂ ಜನಸಂಖ್ಯೆಯ ಹಿಂದೆಯೇ ನಡೆಯುತ್ತದೆ: ಉತ್ತರಪ್ರದೇಶಕ್ಕೆ 31, ಸಿಕ್ಕಿಂಗೆ 1. ನಮ್ಮಂತೆಯೇ ಸಂಸದೀಯ ಒಕ್ಕೂಟವಾದ ಆಸ್ಟ್ರೇಲಿಯಾದಲ್ಲಿ ಹೀಗಿಲ್ಲ. ಅಲ್ಲಿ ಆರು ರಾಜ್ಯಗಳಿಗೆ, ದೊಡ್ಡದಿರಲಿ ಚಿಕ್ಕದಿರಲಿ, ಸೆನೆಟ್‌ನಲ್ಲಿ ತಲಾ 12 ಸ್ಥಾನ. ಜರ್ಮನಿಯದು ನಡುದಾರಿ. 16 ರಾಜ್ಯಗಳಿಗೆ 3ರಿಂದ 6ರವರೆಗೆ, ಒಟ್ಟು 69 ಮತ. ಆ ಮತ ಹಾಕುವುದು ರಾಜ್ಯ ಸರ್ಕಾರಗಳೇ. ನಮ್ಮಲ್ಲಿ ರಾಜ್ಯಸಭಾ ಸದಸ್ಯನನ್ನು ಶಾಸಕರು ಆರಿಸಿ ಕಳಿಸುತ್ತಾರೆ, ಕಳಿಸಿದ ಮೇಲೆ ಆತ ಪಕ್ಷದವನು. ಕರ್ನಾಟಕದಿಂದ ನಾಲ್ಕು ಸ್ಥಾನಕ್ಕೆ ಚುನಾವಣೆ ನಡೆದರೆ ಗೆಲ್ಲಲು ಬೇಕಾದದ್ದು 45 ಮತ. ಯಾದಗಿರಿಯ ನಾಲ್ವರು ಒಟ್ಟಾದರೂ ಅದರ ಹತ್ತರಲ್ಲೊಂದು ಭಾಗ ಮುಟ್ಟುವುದಿಲ್ಲ.

ಒಂದು ಕಡೆ ಮಾತ್ರ ಶಹಾಪುರದ ಶಾಸಕನ ಮತ ಏಕಾಏಕಿ ಹಿಗ್ಗುತ್ತದೆ. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕನ ಮತದ ಮೌಲ್ಯ 131. ಉತ್ತರಪ್ರದೇಶದಲ್ಲಿ 208, ಮಹಾರಾಷ್ಟ್ರದಲ್ಲಿ 175, ಸಿಕ್ಕಿಂನಲ್ಲಿ 7. ಈ 131 ಬಂದದ್ದು 1971ರ ಜನಗಣತಿಯಿಂದ. ಆಗಿನ 2,92,99,014 ಜನರನ್ನು 224ರಿಂದ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದ ಉತ್ತರ.

1971ಕ್ಕೆ ನಿಂತ ಗಡಿಯಾರ

ಲೋಕಸಭಾ ಸ್ಥಾನಗಳನ್ನು ರಾಜ್ಯಗಳಿಗೆ ಹಂಚಿದ್ದೂ 1971ರ ಜನಸಂಖ್ಯೆಯ ಮೇಲೆಯೇ. 1976ರಲ್ಲಿ ಈ ಹಂಚಿಕೆಗೆ ಬೀಗ ಬಿತ್ತು. 84ನೇ ತಿದ್ದುಪಡಿ ಆ ಬೀಗದ ಅವಧಿಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ವಿಸ್ತರಿಸಿತು. 1971ರ ಜನಸಂಖ್ಯೆಯಲ್ಲಿ ನಮ್ಮ ಒಬ್ಬ ಸಂಸದನಿಗೆ 10.5 ಲಕ್ಷ ಜನ ಇದ್ದರು. 2011ಕ್ಕೆ ಅದು 21.8 ಲಕ್ಷವಾಯಿತು. ಸಂಸದ ಒಬ್ಬನೇ, ಬಾಗಿಲಲ್ಲಿ ನಿಂತವರು ಇಮ್ಮಡಿ.

ಬೀಗ ತೆಗೆದರೆ ಏನಾದೀತು? 543ನ್ನು ಹಾಗೆಯೇ ಇಟ್ಟುಕೊಂಡು 2011ರ ಜನಸಂಖ್ಯೆಯಿಂದ ಭಾಗಿಸಿದರೆ ಒಂದು ಸ್ಥಾನಕ್ಕೆ 22.3 ಲಕ್ಷ ಜನ ಬೀಳುತ್ತಾರೆ. ಕರ್ನಾಟಕದ 6.11 ಕೋಟಿಗೆ ಸಿಗುವುದು 27.4. ಇಂದಿನ 28ಕ್ಕಿಂತ ತುಸು ಕಡಿಮೆ. ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಜನನ ಪ್ರಮಾಣ ಇಳಿಸಿದ ದಕ್ಷಿಣದ ರಾಜ್ಯಗಳ ಆತಂಕ ಈ ದಶಮಾಂಶದಲ್ಲಿದೆ. ಯಾದಗಿರಿಯ ಲೆಕ್ಕ ಮಾತ್ರ ತಿರುಗುಮುರುಗು. ರಾಜ್ಯದೊಳಗೆ ನಮ್ಮ ಪ್ರತಿ ಶಾಸಕನಿಗೆ ಸರಾಸರಿಗಿಂತ 20,800 ಜನ ಹೆಚ್ಚು. ದಿಲ್ಲಿಯಲ್ಲಿ ಹಳೆಯ ಅಂಕಿ ಉಳಿದರೆ ಕರ್ನಾಟಕಕ್ಕೆ ಒಳಿತು, ಬೆಂಗಳೂರಿನಲ್ಲಿ ಹೊಸ ಅಂಕಿ ಬಂದರೆ ಯಾದಗಿರಿಗೆ ಒಳಿತು.

113 ಎಂಬ ಸಂಖ್ಯೆ

ಸಂಸದೀಯ ಪದ್ಧತಿಯ ತಿರುಳು ಒಂದೇ ಸಾಲಿನದು: ಸಭೆಯಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಕೈ ಎದ್ದಿರುವವರೆಗೆ ಸರ್ಕಾರ. ಬೆಂಗಳೂರಿನಲ್ಲಿ ಆ ಸಂಖ್ಯೆ 113, ದಿಲ್ಲಿಯಲ್ಲಿ 272. ಮುಖ್ಯಮಂತ್ರಿಯನ್ನು ಜನ ನೇರವಾಗಿ ಆರಿಸುವುದಿಲ್ಲ, ಐದು ವರ್ಷದ ಖಾತ್ರಿಯೂ ಇಲ್ಲ. 1999ರ ಏಪ್ರಿಲ್ 17ರಂದು ಕೇಂದ್ರ ಸರ್ಕಾರ 269ಕ್ಕೆ 270, ಒಂದೇ ಮತದಿಂದ ಬಿತ್ತು. 2019ರ ಜುಲೈ 23ರಂದು ಕರ್ನಾಟಕದ ಸಮ್ಮಿಶ್ರ ಸರ್ಕಾರ 99ಕ್ಕೆ 105ರಿಂದ ಬಿತ್ತು.

ಮಂತ್ರಿಗಿರಿಗೂ ಲೆಕ್ಕವಿದೆ. 2003ರ 91ನೇ ತಿದ್ದುಪಡಿಯಂತೆ ಮಂತ್ರಿಮಂಡಲ ಸಭೆಯ ನೂರಕ್ಕೆ 15 ಮೀರುವಂತಿಲ್ಲ. 224ಕ್ಕೆ 33.6 ಬರುತ್ತದೆ, ರಾಜ್ಯದಲ್ಲಿ 34 ಎಂದು ಹಿಡಿಯುತ್ತಾರೆ. 31 ಜಿಲ್ಲೆಗೆ 34 ಕುರ್ಚಿ. ಜಿಲ್ಲೆಗೊಂದರಂತೆ ಹಂಚಿದರೂ ಮೂರೇ ಉಳಿಯುತ್ತವೆ, ಹಾಗೆ ಹಂಚುವವರೂ ಇಲ್ಲ.

ಈ ಕೈಯೆಣಿಕೆ ಎಲ್ಲಿ ನಡೆಯಬೇಕೆಂದು ದೇಶಕ್ಕೇ ಹೇಳಿಕೊಟ್ಟ ಪ್ರಕರಣ ಕರ್ನಾಟಕದ್ದು. 1989ರ ಏಪ್ರಿಲ್ 21ರಂದು ಎಸ್. ಆರ್. ಬೊಮ್ಮಾಯಿ ಸರ್ಕಾರವನ್ನು 356ನೇ ವಿಧಿಯಡಿ ವಜಾ ಮಾಡಲಾಯಿತು. ಸದನದಲ್ಲಿ ಬಹುಮತ ತೋರಿಸುವ ಅವಕಾಶ ಸಿಗಲಿಲ್ಲ. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಬಹುಮತ ಎಣಿಸುವ ಜಾಗ ಸದನ, ರಾಜಭವನ ಅಲ್ಲ. ರಾಷ್ಟ್ರಪತಿ ಆಳ್ವಿಕೆ ಹೇರಿದ್ದು ಸರಿಯೇ ಎಂದು ನ್ಯಾಯಾಲಯ ನೋಡಬಹುದು. ಐದು ವರ್ಷ ತಡವಾಗಿ ಬಂದ ತೀರ್ಪು ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಕೊಡಲಿಲ್ಲ, ಮುಂದಿನ ಎಲ್ಲ ರಾಜ್ಯ ಸರ್ಕಾರಗಳಿಗೆ ರಕ್ಷೆ ಕೊಟ್ಟಿತು.

ನೂರು ರೂಪಾಯಿಯಲ್ಲಿ ಒಂದೂವರೆ

ಈಗ ಹಣ. ದೊಡ್ಡ ತೆರಿಗೆಗಳನ್ನು ಎತ್ತುವುದು ಕೇಂದ್ರ. ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಕೂತು ರಾಜ್ಯಗಳಿಗೆ ಎಷ್ಟು, ಅದರಲ್ಲಿ ಯಾರಿಗೆ ಎಷ್ಟು ಎಂದು ಹೇಳುತ್ತದೆ. 14ನೇ ಆಯೋಗ ಹಂಚಿಕೆಯ ತೆರಿಗೆಯಲ್ಲಿ ನೂರಕ್ಕೆ 42 ರೂಪಾಯಿಯನ್ನು ರಾಜ್ಯಗಳಿಗೆ ಕೊಟ್ಟಿತು, ಅದರಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.713. ಅಂದರೆ ನೂರು ರೂಪಾಯಿಯಲ್ಲಿ 1 ರೂಪಾಯಿ 98 ಪೈಸೆ. 2021-26ಕ್ಕೆ ಅನ್ವಯಿಸಿದ 15ನೇ ಆಯೋಗದಲ್ಲಿ ರಾಜ್ಯಗಳಿಗೆ 41, ಕರ್ನಾಟಕಕ್ಕೆ ಅದರಲ್ಲಿ 3.647. ನಮ್ಮ ಕೈಗೆ ಬಂದದ್ದು 1 ರೂಪಾಯಿ 50 ಪೈಸೆ. ನೂರರ ಮೇಲೆ 48 ಪೈಸೆ ಕೈಬಿಟ್ಟುಹೋಯಿತು.

ಕಾರಣ ಸೂತ್ರದಲ್ಲಿದೆ. 15ನೇ ಆಯೋಗ ನೂರರಲ್ಲಿ 45 ಅಂಕವನ್ನು ‘ಆದಾಯದ ಅಂತರ’ಕ್ಕೆ ಇಟ್ಟಿತು. ರಾಜ್ಯ ಎಷ್ಟು ಬಡದೋ ಅಷ್ಟು ಹೆಚ್ಚು ಪಾಲು. ಬೆಂಗಳೂರಿನ ಗಳಿಕೆ ಸೇರಿಸಿ ಕರ್ನಾಟಕದ ಸರಾಸರಿ ತೆಗೆದಾಗ ನಾವು ಶ್ರೀಮಂತರು. ಆ ಸರಾಸರಿಯ ಅಡಿಯಲ್ಲಿ ಯಾದಗಿರಿಯ ಬಡತನ ದಿಲ್ಲಿಗೆ ಕಾಣುವುದೇ ಇಲ್ಲ. ಬೆಂಗಳೂರಿನ ಐಸಿರಿಯ ದಂಡವನ್ನು ಯಾದಗಿರಿಯೂ ಕಟ್ಟುತ್ತದೆ.

2025-26ರ ಕೇಂದ್ರ ಬಜೆಟ್‌ನಲ್ಲಿ ಎಲ್ಲ ರಾಜ್ಯಗಳಿಗೆ ಇಟ್ಟ ತೆರಿಗೆ ಪಾಲು 14,22,444 ಕೋಟಿ ರೂಪಾಯಿ. ಅದರ 3.647 ಭಾಗ ಎಂದರೆ ಕರ್ನಾಟಕಕ್ಕೆ ಸುಮಾರು 51,876 ಕೋಟಿ. ಅದೇ ವರ್ಷದ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ. ರಾಜ್ಯ ಆ ವರ್ಷ ಖರ್ಚಿಗಿಟ್ಟ ಎಂಟು ರೂಪಾಯಿಯಲ್ಲಿ ಈ ಪಾಲು ಸುಮಾರು ಒಂದು. ಉಳಿದದ್ದು ಬಹುಪಾಲು ರಾಜ್ಯದ ಸ್ವಂತ ತೆರಿಗೆ, ಸಾಲ. ಸೆಸ್ಸು, ಸರ್‌ಚಾರ್ಜುಗಳು ಹಂಚಿಕೆಗೆ ಬರುವುದೇ ಇಲ್ಲ, ಅವು ಕೇಂದ್ರದ ಜೇಬಿಗೆ.

ಜಿಎಸ್‌ಟಿ ಮಂಡಳಿಯ ಲೆಕ್ಕ ಇನ್ನೂ ಬಿಗಿ. ಅಲ್ಲಿ ಕೇಂದ್ರದ ಮತದ ತೂಕ ಮೂರರಲ್ಲೊಂದು, ಎಲ್ಲ ರಾಜ್ಯಗಳದು ಸೇರಿ ಮೂರರಲ್ಲೆರಡು. ತೀರ್ಮಾನಕ್ಕೆ ಬೇಕಾದದ್ದು ನಾಲ್ಕರಲ್ಲಿ ಮೂರು. 28 ರಾಜ್ಯ ಮತ್ತು ವಿಧಾನಸಭೆಯಿರುವ 3 ಕೇಂದ್ರಾಡಳಿತ ಪ್ರದೇಶ ಸೇರಿ 31 ಮತಗಳಾದರೆ, ಕರ್ನಾಟಕದ ತೂಕ ನೂರಕ್ಕೆ 2.15. ಎಲ್ಲರೂ ಹಾಜರಿದ್ದಾಗ ಕೇಂದ್ರವೊಂದೇ ಬೇಡ ಎಂದರೂ ತೀರ್ಮಾನ ಬೀಳುತ್ತದೆ. ರಾಜ್ಯಗಳು ಅದನ್ನು ಬೀಳಿಸಲು ಕನಿಷ್ಠ ಹನ್ನೆರಡು ಒಂದಾಗಬೇಕು.

371 ಜೆ: ಒಂದು ಅಕ್ಷರದ ಬೆಲೆ

ನಿಜಾಮನ ಹೈದರಾಬಾದ್ 1948ರ ಸೆಪ್ಟೆಂಬರ್ 17ರಂದು ಒಕ್ಕೂಟಕ್ಕೆ ಬಂತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಸೇರುವಾಗಲೇ ಹಿಂದಿದ್ದೆವು, ಸೇರಿದ ಮೇಲೂ ಹಿಂದೆಯೇ ಉಳಿದೆವು. ಅದಕ್ಕೆ ಸಂವಿಧಾನದಲ್ಲೇ ಮದ್ದು ಬೇಕೆಂದು ಹೋರಾಟ ನಡೆದು, 2012ರ 98ನೇ ತಿದ್ದುಪಡಿಯಿಂದ 371 ಜೆ ವಿಧಿ ಬಂತು. ಇದಕ್ಕೆ ಎರಡೂ ಸದನಗಳಲ್ಲಿ ಹಾಜರಿದ್ದವರ ಮೂರರಲ್ಲೆರಡು ಮತ, ಜೊತೆಗೆ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು ಬೇಕು. ಕರ್ನಾಟಕದ 28 ಜನರಿಂದ ಆಗುವ ಕೆಲಸವಾಗಿರಲಿಲ್ಲ. ಉಳಿದ ರಾಜ್ಯಗಳ ಸಂಸದರೂ ಕೈ ಎತ್ತಿದರು.

ಇದರ ಫಲವೂ ಅಂಕಿಯಲ್ಲಿದೆ. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ‘ಡಿ’ ಗುಂಪಿಗೆ ನೂರಕ್ಕೆ 85, ‘ಸಿ’ಗೆ 80, ‘ಬಿ’ಗೆ 75 ಸ್ಥಳೀಯರಿಗೆ. ಇಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2025-26ರಲ್ಲಿ 5,000 ಕೋಟಿ ಘೋಷಣೆ. ಕೇಳಲು ದೊಡ್ಡದು. ಏಳು ಜಿಲ್ಲೆಗೆ ಸಮ ಹಂಚಿದರೆ ತಲಾ 714 ಕೋಟಿ, ರಾಜ್ಯ ಬಜೆಟ್ಟಿನ ಒಟ್ಟು ಗಾತ್ರದಲ್ಲಿ ನೂರಕ್ಕೆ 1.2. ಸಂಸದನಿಗೆ ಕ್ಷೇತ್ರಾಭಿವೃದ್ಧಿಗೆ ಸಿಗುವುದು ವರ್ಷಕ್ಕೆ 5 ಕೋಟಿ, ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ತಲಾ 62.5 ಲಕ್ಷ. ಶಾಸಕನಿಗೆ ವರ್ಷಕ್ಕೆ 2 ಕೋಟಿ. ಸಂಸದನ ನಿಧಿಯಿಂದ ಕಾಲುವೆ ದುರಸ್ತಿ ಆಗಲಿಲ್ಲವೆಂದು ದೂರುವ ಮುನ್ನ ಈ ಅಂಕಿ ನೋಡಬೇಕು.

ನಾಲ್ಕೂವರೆ ಮೀಟರಿನ ವ್ಯಾಜ್ಯ

ಮತ್ತೆ ನೀರಿಗೆ ಬರೋಣ. ಮೇಲ್ದಂಡೆ ಯೋಜನೆಯ ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು. ಲಾಲ್ ಬಹಾದ್ದೂರ್ ಶಾಸ್ತ್ರಿ ಬಂದಿದ್ದರು, ಇನ್ನೂ ಪ್ರಧಾನಿಯಾಗಿರಲಿಲ್ಲ. ಇಂದು ಅಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರ್, ಸಂಗ್ರಹ 123 ಟಿಎಂಸಿ. ಈ ಮಟ್ಟಕ್ಕೆ ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದ ಏಪ್ರಿಲ್‌ನಲ್ಲಿ. ಕೆಳಗಿನ ನಾರಾಯಣಪುರದ ಬಸವಸಾಗರದಲ್ಲಿ 33 ಟಿಎಂಸಿ.

ಎರಡನೇ ನ್ಯಾಯಮಂಡಳಿ, ಬ್ರಿಜೇಶ್ ಕುಮಾರ್ ಅವರದು, 2004ರಲ್ಲಿ ರಚನೆಯಾಯಿತು. 2010ರ ಡಿಸೆಂಬರ್ 30ರಂದು ತೀರ್ಪು, 2013ರ ನವೆಂಬರ್‌ನಲ್ಲಿ ಮುಂದಿನ ವರದಿ. ಆಲಮಟ್ಟಿ ಮಟ್ಟ 524.256 ಮೀಟರ್‌ಗೆ ಏರಬಹುದು, ಕರ್ನಾಟಕದ ಪಾಲು 907 ಟಿಎಂಸಿ, ಅದರಲ್ಲಿ ಮೇಲ್ದಂಡೆ ಮೂರನೇ ಹಂತಕ್ಕೆ 130. ಮಹಾರಾಷ್ಟ್ರಕ್ಕೆ 666, ಆಂಧ್ರಕ್ಕೆ 1,005. ಆದರೆ ಆಂಧ್ರಪ್ರದೇಶ ಸುಪ್ರೀಂ ಕೋರ್ಟ್‌ಗೆ ಹೋಗಿ, ತೀರ್ಪನ್ನು ರಾಜ್ಯಪತ್ರದಲ್ಲಿ ಪ್ರಕಟಿಸದಂತೆ 2011ರ ಸೆಪ್ಟೆಂಬರ್‌ನಲ್ಲಿ ಆದೇಶ ತಂದಿತು. ಪ್ರಕಟವಾಗದ ತೀರ್ಪು ಕಾಗದದಲ್ಲಿ ಮಾತ್ರ. 2014ರಲ್ಲಿ ಆಂಧ್ರವೇ ಎರಡಾಯಿತು, ಮೂವರ ವ್ಯಾಜ್ಯ ನಾಲ್ವರದಾಯಿತು.

ಕಾಯುವುದಕ್ಕೂ ಬೆಲೆಯುಂಟು. ಮೂರನೇ ಹಂತದ ಅಂದಾಜು 2012ರಲ್ಲಿ 17,207 ಕೋಟಿ. 2017ರಲ್ಲಿ 51,148 ಕೋಟಿ. ಐದು ವರ್ಷದಲ್ಲಿ ಸರಿಸುಮಾರು ಮೂರು ಪಟ್ಟು. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಮುಳುಗಡೆ ಭೂಮಿಗೆ ಬೆಲೆ ಕಟ್ಟಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಮುಳುಗಲಿರುವುದು 75,563 ಎಕರೆ. ಎಲ್ಲವೂ ಒಣಭೂಮಿ ಎಂದರೂ 22,669 ಕೋಟಿ, ಎಲ್ಲವೂ ನೀರಾವರಿ ಎಂದರೆ 30,225 ಕೋಟಿ. ಕಾಲುವೆ, ಪುನರ್ವಸತಿಗೆ ಬೇಕಾದ ಭೂಮಿಯೂ ಸೇರಿ ಸರ್ಕಾರ ಹೇಳಿದ ಮೊತ್ತ ಸುಮಾರು 70,000 ಕೋಟಿ. 2025-26ರ ಇಡೀ ವರ್ಷಕ್ಕೆ ದಿಲ್ಲಿ ಇಟ್ಟ ತೆರಿಗೆ ಪಾಲಿಗಿಂತ ಇದು ಸುಮಾರು 18,000 ಕೋಟಿ ಹೆಚ್ಚು. ಹೊಸದಾಗಿ ಸಿಗುವ ಪ್ರತಿ ಟಿಎಂಸಿಗೆ ಭೂಮಿಯ ಬಾಬ್ತು ಒಂದೇ 538 ಕೋಟಿ.

ಅನುಮತಿ ಕೊಡುವವರು ದಿಲ್ಲಿಯಲ್ಲಿ, ಹಣ ಹೊಂದಿಸಬೇಕಾದವರು ಬೆಂಗಳೂರಿನಲ್ಲಿ, ಮನೆ ಮಠ ಬಿಡುವವರು ಬಾಗಲಕೋಟೆ, ವಿಜಯಪುರದ ದಂಡೆಯಲ್ಲಿ, ನೀರಿಗೆ ಕಾದವರು ಕೆಳಗೆ. ಒಕ್ಕೂಟದ ನಕ್ಷೆ ಬಿಡಿಸಬೇಕೆಂದರೆ ಇದಕ್ಕಿಂತ ನಿಚ್ಚಳವಾದದ್ದು ಸಿಗಲಾರದು.

ಕೊನೆಯ ತೂಬಿನ ಲೆಕ್ಕ

ಮೇಲಿನದೆಲ್ಲ ಮುಂದೆ ಬರಬಹುದಾದ ನೀರಿನ ಮಾತು. ಈಗಾಗಲೇ ಇರುವ 173ರ ಕಥೆ ಬೇರೆ. ಅದನ್ನು ಹಂಚುವುದು ನೀರಾವರಿ ಸಲಹಾ ಸಮಿತಿ. ಅಚ್ಚುಕಟ್ಟಿನ ಜನಪ್ರತಿನಿಧಿಗಳು ಕೂರುವ ಸಮಿತಿ ಅದು. ಜಲಾಶಯದಲ್ಲಿ ಎಷ್ಟಿದೆ ನೋಡಿ, ಯಾವ ತಾರೀಖಿನವರೆಗೆ ನೀರು, ವಾರಾಬಂದಿಯಲ್ಲಿ ಎಷ್ಟು ದಿನ ಚಾಲು ಎಷ್ಟು ದಿನ ಬಂದ್ ಎಂದು ಅಲ್ಲಿ ತೀರ್ಮಾನ. ಇದಕ್ಕೆ ನ್ಯಾಯಮಂಡಳಿಯ ಅಪ್ಪಣೆ ಬೇಡ, ಸಂಸತ್ತಿನ ಮತ ಬೇಡ.

ಈಗ ಆ 79 ಸೆಂಟಿಮೀಟರ್ ತೆಗೆಯೋಣ. ಯೋಜನೆ ರೂಪಿಸಿದ್ದು ಲಘು ನೀರಾವರಿ ಬೆಳೆಗಳಿಗೆ: ಜೋಳ, ತೊಗರಿ, ಶೇಂಗಾ, ಹತ್ತಿ. ಕಾಲುವೆಯ ತಲೆಭಾಗದಲ್ಲಿ ನಾವು ಬೆಳೆದದ್ದು ಭತ್ತ. ಭತ್ತದ ಗದ್ದೆಗೆ 120 ಸೆಂಟಿಮೀಟರ್ ನೀರು ಸಾಮಾನ್ಯ. ಮುಂಗಾರಿನಲ್ಲಿ ಮಳೆ ಸ್ವಲ್ಪ ಕೈಗೂಡಿಸುತ್ತದೆ, ಬೇಸಿಗೆ ಬೆಳೆಗೆ ಅದೂ ಇಲ್ಲ. 120ನ್ನು 79ರಿಂದ ಭಾಗಿಸಿದರೆ ಒಂದೂವರೆ. ಪೂರ್ತಿ ಕಾಲುವೆ ನೀರಿನ ಮೇಲೆ ನಿಂತ ಎರಡು ಎಕರೆ ಭತ್ತ ಮೂರು ಎಕರೆಯ ಪಾಲು ಕುಡಿಯುತ್ತದೆ. ಆ ಮೂರನೇ ಎಕರೆ ಇರುವುದು ಕಾಲುವೆಯ ಕೊನೆಯಲ್ಲಿ. ಟೇಲೆಂಡ್ ರೈತ ಧರಣಿ ಕೂತು ಬೈಯುವುದು ದಿಲ್ಲಿಯನ್ನು, ಅವನ ಪಾಲು ನಿಂತಿರುವುದು ಹತ್ತಿಪ್ಪತ್ತು ಕಿಲೋಮೀಟರ್ ಮೇಲಿನ ಗದ್ದೆಯಲ್ಲಿ.

ಇದನ್ನು ಕೇಳಬೇಕಾದ ಜಾಗವೇ ಖಾಲಿ ಬಿದ್ದಿತ್ತು. 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟು, 29 ವಿಷಯಗಳ ಪಟ್ಟಿಯನ್ನೂ ಕೊಟ್ಟಿತು. ಸಣ್ಣ ನೀರಾವರಿ, ನೀರಿನ ನಿರ್ವಹಣೆ ಅದರಲ್ಲಿವೆ. ಐದು ವರ್ಷಕ್ಕೆ ಚುನಾವಣೆ ಆಗಲೇಬೇಕೆಂದು 243 ಇ ವಿಧಿ ಹೇಳುತ್ತದೆ. ಕರ್ನಾಟಕದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಚುನಾವಣೆ 2016ರ ಫೆಬ್ರವರಿಯಲ್ಲಿ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. 2025 ಕಳೆದರೂ ಮತಪೆಟ್ಟಿಗೆ ಬರಲಿಲ್ಲ. ರಾಜ್ಯದ ಪಾಲು ಕೊಡಿ ಎಂದು ದಿಲ್ಲಿಯನ್ನು ಕೇಳುವ ಬೆಂಗಳೂರು, ಪಂಚಾಯಿತಿಯ ಪಾಲು ಕೊಡುವಾಗ ಕೈ ಬಿಗಿಹಿಡಿಯಿತು. ಹಳ್ಳಿಯ ಮತದಾರನ ಐದು ಮತಗಳಲ್ಲಿ ಎರಡು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನೆ ಬಿದ್ದಿದ್ದವು.

ಇಷ್ಟು ಲೆಕ್ಕ ಹಾಕಿದ ಮೇಲೆ ಚಹಾದಂಗಡಿಯ ಪ್ರಶ್ನೆಗೆ ಉತ್ತರ ಹೀಗೆ. ಹೊಸ 130 ಟಿಎಂಸಿ ಬೇಕೆಂದರೆ ಹಿಡಿಯಬೇಕಾದದ್ದು ಸಂಸದರನ್ನು, ರಾಜ್ಯಸಭೆಯ ಹನ್ನೆರಡು ಮಂದಿಯನ್ನು. ಮೂರನೇ ಹಂತಕ್ಕೆ ಹಣ ಬೇಕೆಂದರೆ ಬೆಂಗಳೂರಿನ 224 ಮಂದಿಯನ್ನು, ಅವರಲ್ಲೂ ನಮ್ಮ 41ನ್ನು. ಇರುವ 173 ಕೊನೆಯ ಹೊಲ ಮುಟ್ಟಬೇಕೆಂದರೆ ಸಲಹಾ ಸಮಿತಿಯಲ್ಲಿ ಕೂತ ಶಾಸಕರನ್ನು, ಭೀಮರಾಯನಗುಡಿಯ ಕಚೇರಿಗಳನ್ನು, ನೀರು ಬಳಕೆದಾರರ ಸಂಘವನ್ನು, ಮತ್ತೆ ಮೇಲ್ಗದ್ದೆಯ ನೆರೆಯವನನ್ನು. ಈ ಕೊನೆಯ ಕೆಲಸಕ್ಕೆ ಯಾವ ತಿದ್ದುಪಡಿಯೂ ಬೇಡ, ಯಾವ ತೀರ್ಪಿಗೂ ಕಾಯಬೇಕಿಲ್ಲ. ಮುಂದಿನ ಸಲ ಅರ್ಜಿ ಬರೆಯುವಾಗ, ಮೊದಲು ಮೇಲಿನ ವಿಳಾಸ ಸರಿಯಾಗಿ ಬರೆಯಿರಿ.